ತೂಕವಿಳಿಸುವ ಔಷಧಿಯೂ ಅರ್ಧಾಯುವಿನ ಲೆಕ್ಕವೂ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಕಡೆಯ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು: "ಸಕ್ಕರೆ ಕಾಯಿಲೆಯಿರುವ ನಮ್ಮ ತಂದೆಯವರು ತೂಕವಿಳಿಸುವ ಚುಚ್ಚುಮದ್ದನ್ನು ತೆಗೆದುಕೊಳ್ಳಬಹುದೆ?" ಅವರು ಈಗಾಗಲೇ ನುಂಗುತ್ತಿರುವ ಮಾತ್ರೆಗಳು ಯಾವುವೆಂದು ತಿಳಿಯದೆ ಇದಕ್ಕೆ ಉತ್ತರ ಹೇಳುವಂತಿಲ್ಲ.

ಸೆಮಗ್ಲುಟೈಡ್ ಎಂಬ ಔಷಧಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಉಂಡ ಬಳಿಕ ಕರುಳಿನಲ್ಲಿ ಸ್ರವಿಸುವ ಒಂದು ಹಾರ್ಮೋನನ್ನು ಇದು ಅನುಕರಿಸುತ್ತದೆ. ಇದರಿಂದ ಹಸಿವು ತಗ್ಗುವುದು. ಜಠರವು ಬರಿದಾಗುವುದು ನಿಧಾನವಾಗುವುದು. ರಕ್ತದಲ್ಲಿ ಸಕ್ಕರೆ ಏರಿದಾಗ ಮಾತ್ರ ಇದು ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುತ್ತದೆ. ಗ್ಲಿಮೆಪಿರೈಡ್ ಮಾತ್ರೆಯಾದರೋ ಸಕ್ಕರೆ ಕಡಿಮೆಯಿದ್ದಾಗಲೂ ಇನ್ಸುಲಿನನ್ನು ಹೊರಡಿಸಬಲ್ಲದು. ಇವೆರಡನ್ನೂ ತೆಗೆದುಕೊಳ್ಳುವವರು ಶಿವರಾತ್ರಿಯಲ್ಲಿ ಉಪವಾಸವಿದ್ದು ಮಲೆಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟರೆ, ಸಕ್ಕರೆ ಅತಿಯಾಗಿ ಇಳಿದು ಬೆವರು, ನಡುಕಗಳುಂಟಾಗಿ ಕಡೆಗೆ ಪ್ರಜ್ಞೆಯೇ ತಪ್ಪಬಹುದು. ಆದುದರಿಂದ ವೈದ್ಯರು ಇಂಥ ಮಾತ್ರೆಯ ಪ್ರಮಾಣವನ್ನು ಮೊದಲೇ ತಗ್ಗಿಸುವುದುಂಟು. ತೂಕದೊಡನೆ ರಕ್ತದೊತ್ತಡವೂ ಇಳಿಯಬಹುದಾದ ಕಾರಣ ಅದರ ಮಾತ್ರೆಯನ್ನೂ ಪರಿಶೀಲಿಸಬೇಕಾಗುತ್ತದೆ.

"ತೊಂದರೆಯಾದರೆ ಮದ್ದನ್ನು ನಿಲ್ಲಿಸಿದರಾಯಿತಲ್ಲವೆ?" ಎಂದು ಕೆಲವರು ಕೇಳಬಹುದು. ಇಲ್ಲಿ ಭೌತಶಾಸ್ತ್ರದ ಪಾಠವೊಂದು ನಮಗೆ ನೆರವಾಗುತ್ತದೆ. ವಿಕಿರಣಪಟು ವಸ್ತುವಿಗಿರುವಂತೆ ಔಷಧಿಗೂ ಅರ್ಧಾಯುವುಂಟು. ಸೆಮಗ್ಲುಟೈಡಿನದು ಸುಮಾರು 7 ದಿನ. ನಿಲ್ಲಿಸಿದ ಒಂದು ವಾರಕ್ಕೆ ದೇಹದಲ್ಲಿ 1/2 ಭಾಗ, ಎರಡು ವಾರಕ್ಕೆ 1/4 ಭಾಗ, ಐದು ವಾರಕ್ಕೆ 1/32 ಭಾಗ ಉಳಿದಿರುತ್ತದೆ. ಗರ್ಭಧಾರಣೆಗೆ ಕನಿಷ್ಠ 2 ತಿಂಗಳು ಮೊದಲೇ ಇದನ್ನು ನಿಲ್ಲಿಸಬೇಕೆಂದು ಹೇಳುವುದು ಇದರಿಂದಲೇ.

ಮೇದೋಜೀರಕ ಗ್ರಂಥಿಯ ಉರಿಯೂತ ಹಿಂದೆ ಬಂದಿದ್ದರೆ, ಅಥವಾ ಮನೆತನದಲ್ಲಿ ಥೈರಾಯ್ಡಿನ ಕ್ಯಾನ್ಸರಿದ್ದರೆ, ವೈದ್ಯರಿಗೆ ಮುಚ್ಚಿಡಬಾರದು. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಬೇಕು. ಯಾವುದನ್ನೂ ತಾವಾಗಿ ಬಿಡಲೂಬಾರದು, ಸೇರಿಸಲೂಬಾರದು. ನಿಲ್ಲಿಸಿದ ಮೇಲೆಯೂ ವಾರಗಟ್ಟಲೆ ಒಳಗುಳಿಯುವ ಮದ್ದಿನ ವಿಷಯದಲ್ಲಿ, ವಿಚಾರಿಸಬೇಕಾದ ಕಾಲ ಮೊದಲ ಚುಚ್ಚುಮದ್ದಿಗಿಂತ ಮುಂಚೆಯೇ.