ಶಾಲಾ ಅಡುಗೆ ಕೋಣೆಯ ಚಾಕು: ಭೂತಗನ್ನಡಿಯಿಂದ ಅಲಗಿನ ಪರೀಕ್ಷೆ

(ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಶಾಲೆಗಳ ಮುಖ್ಯ ಶಿಕ್ಷಕರು, ಮುಖ್ಯ ಅಡುಗೆಯವರು ಹಾಗೂ ಸಹಾಯಕ ಅಡುಗೆಯವರ ಅಧ್ಯಯನಕ್ಕಾಗಿ)

1. ಪೀಠಿಕೆ

ಅಕ್ಷರ ದಾಸೋಹ ಯೋಜನೆಯು 2002-03ರಲ್ಲಿ ಮೊದಲು ಜಾರಿಗೆ ಬಂದ ಏಳು ಜಿಲ್ಲೆಗಳಲ್ಲಿ ರಾಯಚೂರು ಸಹ ಒಂದು. ಶಾಲೆಯ ಅಡುಗೆ ಕೋಣೆಯಲ್ಲಿ ಪ್ರತಿದಿನ ಅಲ್ಪ ಅವಧಿಯಲ್ಲಿ ಬಹಳಷ್ಟು ತರಕಾರಿಯನ್ನು ಹೆಚ್ಚಬೇಕಾಗುತ್ತದೆ. ಚಾಕು ಮೊಂಡಾದಷ್ಟೂ ಕೈಯ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಾಗ ಅಲಗು ಟೊಮೆಟೊ ಅಥವಾ ಉಳ್ಳಾಗಡ್ಡಿಯ ಸಿಪ್ಪೆಯ ಮೇಲೆ ಜಾರಿ ಬೆರಳಿಗೆ ತಗಲುತ್ತದೆ. ಗಾಯಗೊಂಡ ಕೈಯಿಂದ ಅಡುಗೆ ಮಾಡುವುದು ಸಿಬ್ಬಂದಿಗೂ ಮಕ್ಕಳ ಆಹಾರದ ಶುಚಿತ್ವಕ್ಕೂ ಅಪಾಯಕಾರಿ. ಹರಿತವನ್ನು ಅರಿಯಲು ಹೆಬ್ಬೆರಳಿನಿಂದ ಅಲಗನ್ನು ಸವರುವ ರೂಢಿಯೂ ಸುರಕ್ಷಿತವಲ್ಲ. ವಿಜ್ಞಾನ ಪಾಠಕ್ಕೆ ಬಳಸುವ ಭೂತಗನ್ನಡಿಯೇ ಈ ಪರೀಕ್ಷೆಗೆ ಸಾಕಾಗುತ್ತದೆ.

2. ತತ್ತ್ವ

ಅಲಗಿನ ಎರಡು ಇಳಿಜಾರು ಮೈಗಳು ಸರಿಯಾಗಿ ಕೂಡಿದ ಕಡೆ ಬೆಳಕನ್ನು ಪ್ರತಿಫಲಿಸುವಷ್ಟು ಜಾಗವಿರುವುದಿಲ್ಲ. ಅಂಚು ಕಪ್ಪಾಗಿ ಕಾಣುತ್ತದೆ. ಸವೆದ ಕಡೆ ಅಂಚು ದುಂಡಾಗಿ ಅಥವಾ ಚಪ್ಪಟೆಯಾಗಿ ಬೆಳಕನ್ನು ಮರಳಿಸುತ್ತದೆ. ಆದುದರಿಂದ ಹೊಳೆಯುವ ಅಂಚು ಮೊಂಡಾದುದೆಂದು ತಿಳಿಯಬೇಕು.

3. ಪರೀಕ್ಷಾ ಕ್ರಮ

ಅ) ಚಾಕುವನ್ನು ತೊಳೆದು, ಬೆನ್ನಿನ ಕಡೆಯಿಂದ ಒರೆಸಿ ಒಣಗಿಸಬೇಕು.
ಆ) ದೀಪದ ಅಥವಾ ಕಿಟಕಿಯ ಬೆಳಕಿನಲ್ಲಿ ಅಂಚನ್ನು ಮೇಲ್ಮುಖವಾಗಿ ಹಿಡಿಯಬೇಕು. ಭೂತಗನ್ನಡಿಯ ಮೂಲಕ ಸೂರ್ಯನನ್ನು ನೋಡಬಾರದು.
ಇ) ಹಿಡಿಯಿಂದ ತುದಿಯವರೆಗೆ ನಿಧಾನವಾಗಿ, ಚಾಕುವನ್ನು ತುಸು ತಿರುಗಿಸುತ್ತ ನೋಡಬೇಕು. ಸಂಗಮ ದೂರ 10 ಸೆಂ.ಮೀ. ಇರುವ ಮಸೂರವು ಸುಮಾರು ಎರಡೂವರೆ ಪಟ್ಟು ಹಿಗ್ಗಿಸಿ ತೋರಿಸುತ್ತದೆ, 2.5 ಸೆಂ.ಮೀ. ಇದ್ದರೆ ಸುಮಾರು 10 ಪಟ್ಟು.

4. ಕಾಣುವ ಗುರುತುಗಳು ಮತ್ತು ಪರಿಹಾರ

• ಉದ್ದಕ್ಕೂ ಬಿಳಿ ಗೆರೆ: ಇಡೀ ಅಲಗು ಮೊಂಡಾಗಿದೆ, ಸಾಣೆಕಲ್ಲಿನ ಮೇಲೆ ಪೂರ್ತಿ ಮಸೆಯಬೇಕು.
• ಅಲ್ಲಲ್ಲಿ ಹೊಳೆಯುವ ಚುಕ್ಕೆ: ಆ ಭಾಗ ಮುಕ್ಕಾಗಿದೆ ಅಥವಾ ಚಪ್ಪಟೆಯಾಗಿದೆ. ಕಲ್ಲು ಅಥವಾ ಉಕ್ಕಿನ ಮೇಲೆ ಹೆಚ್ಚುವುದನ್ನು ನಿಲ್ಲಿಸಿ, ಮರದ ಮಣೆ ಬಳಸಬೇಕು.
• ಮಸೆದ ನಂತರ ಒಂದು ಬದಿಗೆ ಬಾಗಿದ ತೆಳು ಲೋಹದ ಎಳೆ: ಎರಡೂ ಬದಿಗಳನ್ನು ಸರದಿಯಂತೆ ಹಗುರವಾಗಿ ಮಸೆದು ತೆಗೆಯಬೇಕು. ಇದು ಉಳಿದರೆ ಚಾಕು ಕೆಲಹೊತ್ತು ಹರಿತವೆನಿಸಿ ಬೇಗನೆ ಮೊಂಡಾಗುತ್ತದೆ. ಎಳೆ ಮುರಿದು ಆಹಾರಕ್ಕೂ ಬೀಳಬಹುದು.
• ಮಸೆದ ಗೀರುಗಳು ಅಂಚನ್ನು ತಲುಪದಿರುವುದು: ಹಿಡಿದ ಕೋನ ತಪ್ಪಿದೆ. ಇಳಿಜಾರಿಗೆ ಮಾರ್ಕರ್ ಪೆನ್ನಿನ ಬಣ್ಣ ಹಚ್ಚಿ ಒಂದೆರಡು ಸಲ ಮಸೆದರೆ, ಕಲ್ಲು ತಾಗಿದ ಕಡೆ ಮಾತ್ರ ಬಣ್ಣ ಅಳಿದು ತಪ್ಪು ಗೋಚರಿಸುತ್ತದೆ.

5. ಮಸೂರದ ಮಿತಿ

ಮನುಷ್ಯನ ಕೂದಲಿನ ದಪ್ಪ ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್. ಬಹಳ ಹರಿತವಾದ ಅಲಗಿನ ಅಂಚು ಒಂದು ಮೈಕ್ರಾನ್‌ಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳುವಾಗಿರಬಲ್ಲದು. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರವೇ ಸುಮಾರು 0.4ರಿಂದ 0.7 ಮೈಕ್ರಾನ್ ಇರುವುದರಿಂದ, ಅಷ್ಟು ಸೂಕ್ಷ್ಮ ಅಂಚನ್ನು ಸ್ಪಷ್ಟವಾಗಿ ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಹೀಗಾಗಿ ಭೂತಗನ್ನಡಿಯು ಅಲಗಿನ ದೋಷ ಎಲ್ಲಿದೆ ಎಂಬುದನ್ನು ತೋರಿಸುತ್ತದೆಯೇ ಹೊರತು, ಹರಿತ ಎಷ್ಟಿದೆ ಎಂಬುದನ್ನು ಅಳೆಯುವುದಿಲ್ಲ. ದೋಷ ಕಾಣದಿದ್ದಾಗ ಕತ್ತರಿಸಿಯೇ ನಿರ್ಣಯಿಸಬೇಕು: ಹಣ್ಣಾದ ಟೊಮೆಟೊದ ಸಿಪ್ಪೆಯನ್ನು ಒತ್ತದೆ, ಜಾರದೆ ಸೀಳಿದರೆ ಚಾಕು ಕೆಲಸಕ್ಕೆ ಯೋಗ್ಯ.

6. ಪಾಲಿಸಬೇಕಾದ ಅಂಶಗಳು

ಮಸೆದ ಚಾಕುವನ್ನು ಲೋಹದ ಪುಡಿ ಉಳಿಯದಂತೆ ತೊಳೆದ ನಂತರವೇ ಬಳಸತಕ್ಕದ್ದು. ವಾರಕ್ಕೊಮ್ಮೆ ಪರೀಕ್ಷಿಸುವುದು ಸೂಕ್ತ. ಮಕ್ಕಳ ಕೈಗೆ ಚಾಕು ಕೊಡಬಾರದು. ಬೆಳಕಿನ ಪ್ರತಿಫಲನದ ಪಾಠಕ್ಕೆ ಸ್ಟೀಲ್ ಚಮಚದ ಅಂಚನ್ನು ತೋರಿಸಬಹುದು. ಮುಖ್ಯ ಶಿಕ್ಷಕರು ಈ ಪಾಠವನ್ನು ಅಡುಗೆ ಸಿಬ್ಬಂದಿಗೆ ಓದಿ ಹೇಳಿ, ಒಮ್ಮೆ ಮಾಡಿ ತೋರಿಸಲು ಕೋರಿದೆ.