ರೊಟ್ಟಿ ಬಡಿಯೋ ಹೊತ್ತಿನ ಥೆರಪಿ

ದೇವದುರ್ಗದಿಂದ ರಾಯಚೂರಿಗೆ ಸುಮಾರು 50 ಕಿಲೋಮೀಟರ್. ಮಾನ್ವಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಆಟಿಸಂ ಇರುವ ನಾಲ್ಕು ವರ್ಷದ ಮಗುವನ್ನು ಎತ್ತಿಕೊಂಡು, ತುಂಬಿದ ಬಸ್ಸಿನಲ್ಲಿ, ನಮ್ಮ ಬಿಸಿಲಲ್ಲಿ ಹೋಗಿ, ಮುಕ್ಕಾಲು ಗಂಟೆ ಥೆರಪಿ ಮಾಡಿಸಿಕೊಂಡು ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಗಿರುತ್ತದೆ. ವಾರಕ್ಕೆ ಎರಡು ಸಲ ಹೋದರೂ ಸಿಗುವುದು ಒಂದೂವರೆ ಗಂಟೆ. ಅದೇ ಮಗು ವಾರದಲ್ಲಿ ಎಂಬತ್ತು ಗಂಟೆ ಎಚ್ಚರವಾಗಿ ನಿಮ್ಮ ಕಣ್ಣೆದುರೇ ಇರುತ್ತದೆ. ಸೌಲಭ್ಯವೇ ಊರಿಗೆ ಬರಲಿ ಎಂದು ಕಾಯುತ್ತ ಕೂರಲಾಗದು: 2002ರಲ್ಲೇ ಪ್ರಾದೇಶಿಕ ಅಸಮತೋಲನದ ನಂಜುಂಡಪ್ಪ ಸಮಿತಿ ದೇವದುರ್ಗವನ್ನು ರಾಜ್ಯದಲ್ಲೇ ಅತಿ ಹಿಂದುಳಿದ ತಾಲೂಕು ಎಂದಿತ್ತು. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. ಆ ಹೋರಾಟ ಬೇಕೇ ಬೇಕು. ಆದರೆ ಎರಡೂವರೆ ವರ್ಷದ ಕೂಸು ಏಮ್ಸ್ ಬರುವವರೆಗೆ ಬೆಳೆಯದೆ ಕಾಯುವುದಿಲ್ಲ.

ಮನೆಯವರು ಮಾಡಿದರೆ ಆಗುತ್ತದೆಯೇ ಎಂಬ ಅನುಮಾನಕ್ಕೆ ಒಂದು ಉತ್ತರ ನಮ್ಮ ಪಕ್ಕದ ಗೋವಾದಲ್ಲೇ ಇದೆ. ಅಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 2ರಿಂದ 9 ವರ್ಷದ 65 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಪರಿಣತರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ತಂದೆತಾಯಿಗೆ ಕಲಿಸಿದರು, ತಂದೆತಾಯಿ ಮಗುವಿನ ಜೊತೆ ಮಾಡಿದರು. 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಫಲಿತಾಂಶ ಬಂತು: ಪೋಷಕರು ಮಗುವಿನ ಗತಿಗೆ ಹೊಂದಿಕೊಂಡರು, ಮಕ್ಕಳು ತಾವಾಗಿಯೇ ಸಂಪರ್ಕ ಶುರುಮಾಡುವುದು ಹೆಚ್ಚಾಯಿತು. ಎಲ್ಲವೂ ಸುಧಾರಿಸಲಿಲ್ಲ, ಯಾರ ಆಟಿಸಮ್ಮೂ ಹೋಗಲಿಲ್ಲ. ಹೋಗಬೇಕಾದ ಕಾಯಿಲೆಯೂ ಅದಲ್ಲ. ಇಷ್ಟನ್ನು ಒಪ್ಪಿಕೊಂಡವರಿಗೆ ಮುಂದಿನ ಮಾತು.

1. "ಅವರಪ್ಪನೂ ಹಂಗ ಇದ್ದ" ಅಂತ ಸುಮ್ಮನಿರಬೇಡಿ

ಒಂದೂವರೆ ವರ್ಷವಾದರೂ ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಬಂದಿದ್ದ ಎರಡು ಮಾತೂ ನಿಂತುಹೋಗಿವೆ ಅಂದರೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರಬೇಕು. ಅವತ್ತು ಮಗುವನ್ನು ಕರೆದೊಯ್ಯಿರಿ, ಅನುಮಾನವನ್ನು ಬಾಯಿಬಿಟ್ಟು ಹೇಳಿ. ರಾಯಚೂರಿನ ರಿಮ್ಸ್‌ನಲ್ಲಿ ಮಕ್ಕಳ ವೈದ್ಯರನ್ನು ಕಾಣಿ, ಕಿವಿ ಪರೀಕ್ಷೆ ತಪ್ಪದೆ ಆಗಲಿ. ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಒಮ್ಮೆ ಹೋಗುವುದಾದರೆ ಬರೀ ಚೀಟಿ ತರಬೇಡಿ. "ಮನೆಯಲ್ಲಿ ಏನು ಮಾಡಬೇಕು, ನನ್ನ ಕೈಲಿ ಮಾಡಿಸಿ ತೋರಿಸಿ" ಎಂದು ಕೇಳಿ.

2. ಗುರಿ ಒಂದೇ ಇರಲಿ, ಕಣ್ಣಿಗೆ ಕಾಣುವಂಥದ್ದಿರಲಿ

"ಮಾತು ಬರಲಿ" ಎಂಬುದು ಹರಕೆ. "ನೀರಡಿಕೆ ಆದಾಗ ಅಳುವ ಬದಲು ಲೋಟ ತಂದು ಕೊಡಲಿ" ಎಂಬುದು ಗುರಿ. ಒಂದು ಹದಕ್ಕೆ ಬಂದ ಮೇಲೆ ಇನ್ನೊಂದು.

3. ಥೆರಪಿಗೆ ಬೇರೆ ಕೋಣೆ ಬೇಡ, ಒಲೆ ಮುಂದೆಯೇ ಸಾಕು

ನಮ್ಮ ಮನೆಗಳಲ್ಲಿ ದಿನಾ ತಪ್ಪದೆ ನಡೆಯುವ ಕೆಲಸ ರೊಟ್ಟಿ ಬಡಿಯುವುದು. ಅದೇ ಹೊತ್ತು, ಅದೇ ಸದ್ದು, ಅದೇ ಜಾಗ. ಆಟಿಸಂ ಇರುವ ಮಗುವಿಗೆ ಹಿಡಿಸುವುದೂ ಇಂಥ ಕ್ರಮವೇ. ಒಲೆಯಿಂದ ಕೈಗೆಟುಕದಷ್ಟು ದೂರ ಮಗುವನ್ನು ಕೂರಿಸಿ ಒಂದು ಹಿಟ್ಟಿನ ಉಂಡೆ ಕೊಡಿ. ನೀವು ಎರಡು ಸಲ ಬಡಿಯಿರಿ, ನಿಲ್ಲಿಸಿ, ಅದರ ಕಡೆ ನೋಡಿ. ಅದು ಒಂದು ಸಲ ತಟ್ಟಿದರೂ ನೀವು ಮತ್ತೆ ತಟ್ಟಿ. ನಾನೊಂದು ಸಲ, ನೀನೊಂದು ಸಲ ಎಂಬ ಈ ಪಾಳಿಯೇ ಮುಂದೆ ಮಾತುಕತೆಗೆ ಬುನಾದಿ.

ಕೇಳುವುದನ್ನು ಕಲಿಸುವುದೂ ಅಲ್ಲೇ. ಮಂಡಾಳು ಇಷ್ಟವಾದರೆ ಡಬ್ಬಿ ಕಾಣುವಂತಿರಲಿ, ಮುಚ್ಚಳ ಬಿಗಿಯಾಗಿರಲಿ. ಒಂದು ಬಟ್ಟಲು ತುಂಬಿಸಿ ಕೊಟ್ಟರೆ ಕೇಳುವ ಅವಕಾಶ ಒಂದೇ. ಚಿಟಿಕೆ ಚಿಟಿಕೆಯಾಗಿ ಕೊಟ್ಟರೆ ಇಪ್ಪತ್ತು. (ಇಡೀ ಶೇಂಗಾ ಕಾಳು ಮಾತ್ರ ಸಣ್ಣ ಮಕ್ಕಳಿಗೆ ಬೇಡ, ಉಸಿರಿಗೆ ಸಿಕ್ಕೀತು.) ಡಬ್ಬಿ ಹಿಡಿದು ಸುಮ್ಮನೆ ಕಾಯಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಮಗೆ ಅತಿ ಕಷ್ಟವಾಗುವುದು ಇದೇ: ಮಗು ಬಾಯಿ ತೆರೆಯುವ ಮೊದಲೇ "ಏನ್ ಬೇಕವಾ, ಮಂಡಾಳ ಬೇಕೇನು, ತಗೋ" ಅಂತ ನಾವೇ ಮೂರೂ ಮಾತು ಮುಗಿಸಿಬಿಡುತ್ತೇವೆ. ಮಗು ಕೈ ಚಾಚಿದರೆ, ಕಣ್ಣೆತ್ತಿದರೆ, "ಮ" ಅಂದರೆ, ಅದೇ ಕೇಳಿಕೆ. ತಕ್ಷಣ ಕೊಡಿ, ಕೊಡುವಾಗ "ಮಂಡಾಳ" ಎಂಬ ಒಂದೇ ಮಾತು ಹೇಳಿ.

ಏನೂ ಮಾಡದಿದ್ದರೆ ಅದರ ಬೆರಳನ್ನು ಮೆಲ್ಲಗೆ ಡಬ್ಬಿಗೆ ಮುಟ್ಟಿಸಿ, ಕೊಡಿ. ನಾಲ್ಕಾರು ದಿನ ಹೀಗೆ. ಆಮೇಲೆ ಮೊಣಕೈ ಮುಟ್ಟಿದರೆ ಸಾಕು ಅನ್ನುವಂತಾಗಲಿ, ಆಮೇಲೆ ನೀವು ಡಬ್ಬಿ ಕಡೆ ನೋಡಿದರೆ ಸಾಕು. ಸಹಾಯ ಕೊಡಲು ಎಲ್ಲರಿಗೂ ಬರುತ್ತದೆ. ಅದನ್ನು ಒಂದೊಂದೇ ಎಳೆಯಾಗಿ ಹಿಂದಕ್ಕೆ ತೆಗೆದುಕೊಳ್ಳುವುದರಲ್ಲಿ ಥೆರಪಿಸ್ಟ್‌ನ ಕಸುಬುಗಾರಿಕೆ ಇದೆ, ಅದನ್ನೇ ಅವರಿಂದ ಕಲಿಯಬೇಕು.

ಅಂಗಿ ತೊಡುವುದು, ಕೈ ತೊಳೆಯುವುದಕ್ಕೆ ಹಿಂದಿನಿಂದ ಮುಂದಕ್ಕೆ ಕಲಿಸಿ. ಚಡ್ಡಿಯನ್ನು ನೀವೇ ಮೊಣಕಾಲಿನ ತನಕ ಹಾಕಿ, ಕೊನೆಗೆ ಮೇಲೆಳೆಯುವುದಷ್ಟೇ ಅದರ ಪಾಲಿಗಿರಲಿ. ಮುಗಿಸಿದ ಖುಷಿ ಮಗುವಿಗೆ ಮೊದಲ ದಿನವೇ ಸಿಗುತ್ತದೆ.

4. ಬಹುಮಾನ ಕೂಡಲೇ ಕೊಡಿ

"ಇದು ಲಂಚ ಕೊಟ್ಟಂಗಲ್ಲೇನು?" ಎಂದು ಹಿರಿಯರು ಕೇಳುತ್ತಾರೆ. ಅಳು ನಿಲ್ಲಿಸಲೆಂದು ಕೊಟ್ಟರೆ ಲಂಚ, ಕೆಲಸವಾದ ಮೇಲೆ ಕೊಟ್ಟರೆ ಕೂಲಿ. ಸಂಜೆ ಕೊಡುವ ಬಹುಮಾನ ಬೆಳಗಿನ ಕೆಲಸಕ್ಕೆ ಅಂಟುವುದಿಲ್ಲ, ಆ ಕ್ಷಣದಲ್ಲೇ ಬೇಕು. ತಿನಿಸೇ ಆಗಬೇಕೆಂದಿಲ್ಲ. ಸ್ಟೀಲ್ ಮುಚ್ಚಳ ಗಿರ್ರನೆ ತಿರುಗಿಸಿ ತೋರಿಸುವುದು, ಬೆನ್ನು ಒತ್ತುವುದು, ಜೋಕಾಲಿ ತೂಗುವುದು, ನಿಮ್ಮ ಮಗುವಿಗೆ ಯಾವುದು ಪ್ರಾಣವೋ ಅದು. ಮೊಬೈಲ್ ಒಂದನ್ನು ಬಿಡಿ. ಕೊಡುವುದು ಸುಲಭ, ಕಸಿದುಕೊಳ್ಳುವಾಗ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಗುತ್ತದೆ.

5. ಚೀರಾಟಕ್ಕೊಂದು ನೋಟ್‌ಬುಕ್ ಇಡಿ

ಮೂರು ಅಂಕಣ ಮಾಡಿ: ಮೊದಲು ಏನಾಯ್ತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು. ಒಂದು ವಾರ ಬರೆದರೆ ಸಾಮಾನ್ಯವಾಗಿ ನಾಲ್ಕರಲ್ಲೊಂದು ಕಾರಣ ಎದ್ದು ಕಾಣುತ್ತದೆ. ಏನೋ ಬೇಕು, ಏನೋ ಬೇಡ, ನಮ್ಮನ್ನು ನೋಡಲಿ ಅಂತ, ಇಲ್ಲವೇ ಮೈಗೆ ಹಿತವೋ ಅಹಿತವೋ ಆಗುತ್ತಿದೆ. ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ತಲೆ ಚಚ್ಚಿಕೊಳ್ಳುವ ಮಗುವಿಗೆ ಹಟಮಾರಿ ಪಟ್ಟ ಕಟ್ಟಿದರೆ ಏನು ಬಂತು? ಇದ್ದಕ್ಕಿದ್ದಂತೆ ಹೆಚ್ಚಿದ ಚೀರಾಟಕ್ಕೆ ಕಿವಿನೋವು, ಹಲ್ಲುನೋವು, ಮಲಬದ್ಧತೆ ಇದೆಯೇ ಅಂತ ಮೊದಲು ನೋಡಿ. ಹೇಳಲು ಬಾರದವರ ನೋವು ಹೀಗೇ ಹೊರಬರುವುದು.

ಕಾರಣ ತಿಳಿದ ಮೇಲೆ ಅದೇ ಕೆಲಸವಾಗುವ ಬೇರೆ ದಾರಿ ಕಲಿಸಿ. ಸಾಕು ಅನ್ನಲು ಕೈ ಅಡ್ಡ ಮಾಡುವುದು ಬಂದರೆ ತಟ್ಟೆ ಎಸೆಯುವ ಅಗತ್ಯವಿರುವುದಿಲ್ಲ. ಒಂದು ಎಚ್ಚರಿಕೆ: ಅತ್ತಾಗ ಕೊಡುತ್ತಿದ್ದುದನ್ನು ನಿಲ್ಲಿಸಿದರೆ ಮೊದಮೊದಲು ಅಳು ಇನ್ನೂ ಹೆಚ್ಚಾಗಬಹುದು. ಮೂರನೇ ದಿನ ಅಜ್ಜಿ ಕರಗಿ "ಪಾಪ, ಕೊಡ್ರಿ ಕೂಸಿಗೆ" ಅಂದರೆ, ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ ಎಂಬ ಪಾಠವಾಯಿತು. ಅಜ್ಜಿ, ಕಾಕಾ, ದೊಡ್ಡವ್ವ ಎಲ್ಲರೂ ಒಪ್ಪುವವರೆಗೆ ಶುರುಮಾಡಲೇಬೇಡಿ.

6. ಕೈ ಎತ್ತಬೇಡಿ, ಎತ್ತಲು ಬಿಡಬೇಡಿ

ಹೀಗೆ ಬಹುಮಾನ ಕೊಟ್ಟು ಕಲಿಸುವ ಥೆರಪಿಯ ಚರಿತ್ರೆಯಲ್ಲೇ ಕಪ್ಪು ಪುಟವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಈವಾರ್ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 19 ಮಕ್ಕಳಿಗೆ ವಾರಕ್ಕೆ 40 ಗಂಟೆ ತರಬೇತಿ ಕೊಟ್ಟು, 9 ಮಕ್ಕಳು ಸಾಮಾನ್ಯ ಶಾಲೆಗೆ ಹೊಂದಿಕೊಂಡರು ಎಂದಿದ್ದರು. ಇಂದಿಗೂ ಜಾಹೀರಾತುಗಳಲ್ಲಿ ಓಡಾಡುವ "40 ಗಂಟೆ" ಅಲ್ಲಿಂದ ಬಂದದ್ದು. ಗದರಿಕೆ, ತೊಡೆಗೆ ಏಟು ಕೂಡ ಆ ವಿಧಾನದಲ್ಲಿದ್ದವು ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಇವತ್ತು ಆಟಿಸಂ ಇರುವ ದೊಡ್ಡವರೇ ಇದರ ವಿರುದ್ಧ ಮಾತಾಡುತ್ತಿದ್ದಾರೆ, ಒಳ್ಳೆಯ ಥೆರಪಿಸ್ಟ್‌ಗಳು ಆಟದ ದಾರಿ ಹಿಡಿದಿದ್ದಾರೆ. ಕೈ ಬಡಿದುಕೊಳ್ಳುವುದು, ಗಿರಗಿರ ತಿರುಗುವುದು ಯಾರಿಗೂ ನೋವು ಮಾಡದಿದ್ದರೆ ಅದರ ಪಾಡಿಗೆ ಬಿಡಿ. ಗದ್ದ ಹಿಡಿದೆತ್ತಿ "ನನ್ನ ಕಡೆ ನೋಡು" ಅನ್ನುವುದೂ ಬೇಡ.

7. ಮನೆಗೆ ಬರುವ ಥೆರಪಿಸ್ಟರನ್ನು ಕೂರಿಸಿ ಕೇಳಿ

ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ? ಮೂರು ತಿಂಗಳ ಗುರಿ ಬರೆದು ಕೊಡುತ್ತೀರಾ? ನಾನು ಪಕ್ಕದಲ್ಲಿ ಕೂತಿರಬಹುದೇ? ಬಾಗಿಲು ಹಾಕಿಕೊಳ್ಳಬೇಕು ಅನ್ನುವವರಿಗೆ ಚಹಾ ಕೊಟ್ಟು ಕಳಿಸಿ. "ಗ್ಯಾರಂಟಿ ಗುಣ" ಅನ್ನುವವರಿಗೆ ಚಹಾವೂ ಬೇಡ. ಆಟಿಸಮ್ಮಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಸಲ್ಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರ್‌ನಲ್ಲೇ ಹೇಳಿದೆ. ಅದಕ್ಕಾಗಿ ಹೊಲ ಅಡವಿಡಬೇಡಿ. ದರ್ಗಾಕ್ಕೋ ಗುಡಿಗೋ ಹೋಗಿ ತಾಯತ ಕಟ್ಟಿಸಿದರೆ ನನ್ನ ತಕರಾರಿಲ್ಲ, ಹೋಗುವಾಗ ನೋಟ್‌ಬುಕ್ ನಿಲ್ಲದಿದ್ದರೆ ಸಾಕು.

8. ಮನೆಮಾತಿನಲ್ಲೇ ಮಾತಾಡಿ

ರಾಯಚೂರಿನ ಎಷ್ಟೋ ಮನೆಗಳಲ್ಲಿ ತೆಲುಗು, ಉರ್ದು, ಕನ್ನಡ ಮೂರೂ ಒಂದೇ ಪಡಸಾಲೆಯಲ್ಲಿ ಓಡಾಡುತ್ತವೆ. ಮಗುವಿಗೆ ಗೊಂದಲವಾದೀತೆಂದು ಅವ್ವ ತನಗೆ ಬಾರದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಶುರುಮಾಡುತ್ತಾಳೆ. ಹಲವು ಭಾಷೆಯಿಂದ ಆಟಿಸಂ ಇರುವ ಮಕ್ಕಳಿಗೆ ಹಾನಿ ಎನ್ನಲು ಆಧಾರ ಸಿಕ್ಕಿಲ್ಲ. ಅವ್ವನ ಬಾಯಲ್ಲಿ ಸಲೀಸಾಗಿ ಬರುವ "ಬಾ, ಕುಂದ್ರು, ಉಣ್ಣು" ಚಿಕ್ಕದೂ ಹೌದು, ಬೆಚ್ಚಗೂ ಇರುತ್ತದೆ.

9. ಮಾತು ತಡವಾದರೆ ಚಿತ್ರ ಕೊಡಿ

ನಿಮ್ಮದೇ ಲೋಟ, ನಿಮ್ಮದೇ ಚಾಪೆ, ನಿಮ್ಮದೇ ಬಚ್ಚಲಿನ ಫೋಟೊ ತೆಗೆದು ಪ್ರಿಂಟ್ ಹಾಕಿಸಿ, ಗೋಡೆಗೆ ಅಂಟಿಸಿ. ಚಿತ್ರ ಕೊಟ್ಟು ವಸ್ತು ಪಡೆಯುವ ಪದ್ಧತಿ ಅಮೆರಿಕದಲ್ಲಿ 1985ರಿಂದ ಬಳಕೆಯಲ್ಲಿದೆ. ಚಿತ್ರ ಕೊಟ್ಟರೆ ಮಾತು ನಿಂತುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

10. ಅಲಾಯಿಗೆ ಮೊದಲೇ ತಯಾರಿ ಮಾಡಿ

ಮೊಹರಂ ಹಲಗೆ, ಜಾತ್ರೆಯ ಮೈಕು, ಮದುವೆಯ ಬ್ಯಾಂಡು ಕೆಲವು ಮಕ್ಕಳಿಗೆ ಕಿವಿಯಲ್ಲಿ ಮೊಳೆ ಹೊಡೆದಂತೆ. ವಾರ ಮೊದಲೇ ಆ ಸದ್ದನ್ನು ಮೊಬೈಲಿನಲ್ಲಿ ಮೆಲ್ಲಗೆ ಕೇಳಿಸಿ, ಆಟದ ನಡುವೆ, ದಿನಕ್ಕಿಷ್ಟು ಜೋರು ಮಾಡುತ್ತ. ಆ ದಿನ ದೂರದಿಂದ ಐದು ನಿಮಿಷ ನೋಡಿ ವಾಪಸಾಗಿ. ಅಳುವ ಮೊದಲೇ ಹಿಂತಿರುಗಿದರೆ ಮುಂದಿನ ವರ್ಷ ಹತ್ತು ನಿಮಿಷ ನಿಲ್ಲಬಹುದು.

11. ಅಪ್ಪನಿಗೂ ಪಾಳಿ ಇರಲಿ

ಎಲ್ಲವನ್ನೂ ತಾಯಿಯ ಕೊರಳಿಗೆ ಕಟ್ಟುವುದಕ್ಕೆ "ಮನೆ ಥೆರಪಿ" ಎಂಬ ಹೆಸರು ಬೇಡ. ಸ್ನಾನ, ಸಂಜೆ ಅಡ್ಡಾಟ ಅಪ್ಪನದು. ಇವಳ ಹೆರಿಗೆ, ಇವಳ ವಂಶ ಎಂಬ ಮಾತು ಮನೆಯಲ್ಲಿ ಎದ್ದರೆ ಅವನೇ ತಡೆಯಬೇಕು. ನಿದ್ದೆಗೆಟ್ಟು ಸೋತ ಅವ್ವ ಅಥವಾ ಅಪ್ಪ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ.

12. ಕಾಗದ ಮಾಡಿಸಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಕೆಲಸವೇ ಇದಕ್ಕೆ ನೆರವಾಗುವುದು, ಹೆಸರು ಹಿಡಿದು ಹುಡುಕಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಥೆರಪಿ ಖರ್ಚಿಗೂ ಒಂದು ಪಾಲಿದೆ. ಶಾಲೆಗೆ ಹೋಗಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣವಿದೆ. ಬಿಇಒ ಕಚೇರಿಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ದುಡಿಯಲು ಬೆಂಗಳೂರಿಗೆ ಹೊರಡುವ ಕುಟುಂಬಗಳು ಈ ಕಾಗದಗಳ ಜೊತೆ ಆ ನೋಟ್‌ಬುಕ್ಕನ್ನೂ ಗಂಟಿನಲ್ಲಿ ಇಟ್ಟುಕೊಳ್ಳಲಿ, ಹೊಸ ಡಾಕ್ಟರಿಗೆ ಅದು ಹಳೇ ಚೀಟಿಗಿಂತ ಹೆಚ್ಚು ಹೇಳುತ್ತದೆ.

13. ಕಾಲುವೆ

ಇದನ್ನು ಮೊದಲೇ ಹೇಳಬೇಕಿತ್ತೇನೋ. ಆಟಿಸಂ ಇರುವ ಅನೇಕ ಮಕ್ಕಳು ಸದ್ದಿಲ್ಲದೆ ಮನೆಯಿಂದ ಹೊರಟುಬಿಡುತ್ತಾರೆ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹೀಗೆ ಹೊರಟವರು ಶೇಕಡಾ 49. ಎಷ್ಟೋ ಮಕ್ಕಳನ್ನು ಸೆಳೆಯುವುದು ನೀರು. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ. ಜೊತೆಗೆ ಕಟ್ಟೆಯಿಲ್ಲದ ಬಾವಿ, ಕೃಷಿ ಹೊಂಡ. ಬಾಗಿಲಿನ ಮೇಲ್ಭಾಗದಲ್ಲಿ, ಮಗುವಿನ ಕೈಗೆಟುಕದಂತೆ ಚಿಲಕ ಹಾಕಿಸಿ, ಬಾಗಿಲಿಗೊಂದು ಗೆಜ್ಜೆ ಕಟ್ಟಿ. ಅಂಗಿಯ ಒಳಗೆ ಫೋನ್ ನಂಬರ್ ಹೊಲಿಸಿ. "ನಿಲ್ಲು" ಅಂದರೆ ನಿಲ್ಲುವುದನ್ನು ಅಂಗಳದಲ್ಲಿ ದಿನಾ ಆಟವಾಗಿ ಆಡಿಸಿ, ನಿಂತಾಗಲೆಲ್ಲ ಬಹುಮಾನ ಕೊಡಿ. ಓಣಿಯ ಅಂಗಡಿಯವರಿಗೆ, ಆಟೊದವರಿಗೆ, ಹೊಲದ ದಾರಿಯ ಮನೆಯವರಿಗೆ ಮಗುವಿನ ಮುಖ ಪರಿಚಯ ಮಾಡಿಸಿ, ಮುಚ್ಚಿಡಬೇಡಿ. ಮಗು ಕಾಣದಿದ್ದರೆ ಮಂಚದ ಕೆಳಗೆ, ಅಟ್ಟದ ಮೇಲೆ ಹುಡುಕುತ್ತ ಹೊತ್ತು ಕಳೆಯಬೇಡಿ. ಒಬ್ಬರು ನೇರ ನೀರಿನ ಕಡೆ ಓಡಿ, ಇನ್ನೊಬ್ಬರು 112ಕ್ಕೆ ಫೋನ್ ಮಾಡಿ.