ಪೋಸ್ಟರ್ ಬರೆದ ಪಂಡಿತರು

ಕಲಬುರಗಿಯಲ್ಲಿ ಎಸ್.ಎಂ. ಪಂಡಿತ ರಂಗಮಂದಿರ ಇದೆ. ಹೆಸರು ನಾಟಕದವರದಲ್ಲ, ಚಿತ್ರಕಾರರದು. ಪಂಡಿತರು 1916ರಲ್ಲಿ ಅದೇ ಊರಲ್ಲಿ ಹುಟ್ಟಿದರು. ಮುಂಬಯಿಯಲ್ಲಿ ದಂಡಾವತಿಮಠ ಅವರ ನೂತನ ಕಲಾ ಮಂದಿರದಲ್ಲಿ, ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಸಿನಿಮಾ ಪೋಸ್ಟರ್ ಬರೆದರು. ಆಗ ಫ್ಲೆಕ್ಸ್ ಎಲ್ಲಿತ್ತು? ಎಲ್ಲಾ ಕೈಯಿಂದಲೇ! ಓಣಿಯ ಆ ತುದಿಗೂ ಮುಖ ಕಾಣಬೇಕು, ಅದಕ್ಕೆ ಒಂದು ಕಡೆ ಬೆಳಕು, ಇನ್ನೊಂದು ಕಡೆ ಗಾಢ ನೆರಳು. ಕೊಪ್ಪಳ ಜಾತ್ರೆಯ ಕಂಪನಿ ನಾಟಕದ ಪರದೆಗೂ ಇದೇ ಲೆಕ್ಕ. ಹಿಂದೆ ಕುಂತವರಿಗೂ ಕಾಡು ಕಾಡಾಗಿಯೇ ಕಾಣಬೇಕು.

1949ರ ‘ಬರ್ಸಾತ್’ ಪೋಸ್ಟರ್ ಅವರದೇ. ಬರ್ಸಾತ್ ಅಂದ್ರೆ ಮಳೆ. ಗೋಡೆಯ ಪೋಸ್ಟರ್ ಹಾಳಾಗೋದೂ ಮಳೆಗೇ! ನನಗಂತೂ ಹೊಟ್ಟೆ ಉರಿಯುತ್ತದೆ. ಅವರು ಬರೆದ ದೇವರ ಚಿತ್ರಗಳು ಮಾತ್ರ ಕ್ಯಾಲೆಂಡರಿನಲ್ಲಿ ಅಚ್ಚಾಗಿ ಮನೆ ಸೇರಿದವು. ಪಂಡಿತರು 1993ರಲ್ಲಿ ತೀರಿಕೊಂಡರು.

ಗೆಳೆಯರೇ, ಮನೆಯ ಹಳೇ ಕ್ಯಾಲೆಂಡರಿನ ಮೂಲೆ ನೋಡ್ರಿ. ಪಂಡಿತ ಅಂತ ಸಹಿ ಇದ್ದರೆ ಪುಸ್ತಕಕ್ಕೆ ಹೊದಿಕೆ ಹಾಕಬೇಡ್ರಿ, ನನಗೆ ತೋರಿಸ್ರಿ.